ಅಳಿವೆಗೆ ಅಡ್ಡ ಕಟ್ಟಿದರೆ ಮೀನು ಎಲ್ಲಿಗೆ ಹೋಗಬೇಕು?

[ದೃಶ್ಯ: ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ಹತ್ತಿರ ಶರಾವತಿ ಹಿನ್ನೀರು, ಏಪ್ರಿಲ್ ಬಿಸಿಲು. ಬಿರುಕು ಬಿಟ್ಟ ಕೆಸರಿನಲ್ಲಿ ಮರದ ಬೊಡ್ಡೆಗಳು.]

ನಮಸ್ಕಾರ. ಈ ಬೊಡ್ಡೆ ನೋಡಿ. ತಟ್ಟಿದರೆ ಇನ್ನೂ ಟಣ್ ಅನ್ನುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಎದ್ದಾಗ ಮುಳುಗಿದ ಕಾಡು ಇದು. ಬೇಸಿಗೆಯಲ್ಲಿ ನೀರು ಇಳಿದರೆ ಮತ್ತೆ ತಲೆ ಎತ್ತುತ್ತದೆ. ನೀರಿನ ಕರೆಂಟಿಗೆ ಹೊಗೆ ಇಲ್ಲ, ನಿಜ. ಆದರೆ ಮುಳುಗಡೆಯವರ ಹಕ್ಕುಪತ್ರದ ಸಮಸ್ಯೆ 60 ವರ್ಷ ಕಳೆದರೂ ಪೂರ್ತಿ ಬಗೆಹರಿದಿಲ್ಲ.

ಇದೇ ಶರಾವತಿ ಹೊನ್ನಾವರದಲ್ಲಿ ಸಮುದ್ರ ಸೇರುತ್ತಾಳೆ. ಆ ಸಮುದ್ರದ ಅಲೆಯಿಂದ, ಉಬ್ಬರ-ಇಳಿತದಿಂದಲೂ ಕರೆಂಟ್ ತೆಗೆಯಬಹುದು. ಕೇರಳದ ವಿಳಿಂಜದಲ್ಲಿ 1991ರಲ್ಲೇ 150 ಕಿಲೋವ್ಯಾಟ್‌ನ ಅಲೆ ವಿದ್ಯುತ್ ಘಟಕ ಹಾಕಿದ್ದರು. ಕಲ್ಲಿದ್ದಲು ಬಿಡಬೇಕು ಅಂದರೆ ಇಂಥವೂ ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ.

ಆದರೆ ಫ್ರಾನ್ಸಿನ ಲಾ ರಾನ್ಸ್‌ನಲ್ಲಿ ಆದದ್ದನ್ನು ಕೇಳಿ. ಅಲ್ಲಿ ನದಿ ಸಮುದ್ರ ಸೇರುವ ಅಳಿವೆಗೇ ಅಡ್ಡ ಕಟ್ಟಿದರು. 1966ರಲ್ಲಿ ಶುರುವಾದ ಉಬ್ಬರ-ಇಳಿತದ ವಿದ್ಯುತ್ ಘಟಕ, 240 ಮೆಗಾವ್ಯಾಟ್. ಕಟ್ಟುವಾಗ ಸುಮಾರು 3 ವರ್ಷ ಅಳಿವೆಯ ಬಾಯಿ ಮುಚ್ಚಿತ್ತು. ಉಪ್ಪುನೀರಿನ ಓಡಾಟ ನಿಂತಿತು, ಹೂಳು ಕೂತಿತು. ಒಳಗಿದ್ದ ಕಡಲ ಜೀವಗಳು ಹೆಚ್ಚುಕಮ್ಮಿ ಎಲ್ಲಾ ಸತ್ತವು. ಬಾಯಿ ತೆರೆದ ಮೇಲೆ ಮತ್ತೆ ಜೀವ ನೆಲೆಯೂರಲು ಸುಮಾರು 10 ವರ್ಷ ಹಿಡಿಯಿತು. ಆಗ ಬಂದದ್ದೂ ಮೊದಲಿನ ಹಾಗೆ ಇರಲಿಲ್ಲ.

[ದೃಶ್ಯ: ಗದ್ದೆ ಬದಿಯ ಹಳ್ಳ, ಮೊದಲ ಮಳೆ.]

ಮಲೆನಾಡಿನವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಹತ್ತುಮೀನು ನೋಡಿದ್ದೀರಲ್ವಾ? ಹೊಸ ಕೆಂಪುನೀರಿಗೆ ಎದುರಾಗಿ, ಮೊಟ್ಟೆ ಇಡೋಕೆ ಮೇಲಕ್ಕೆ ಹತ್ತುತ್ತದೆ. ನಡುವೆ ಒಂದು ಕಟ್ಟೆ ಬಂದರೆ ಸಾಕು, ಅದರ ಬುಡದಲ್ಲೇ ನೆಗೆದು ನೆಗೆದು ಸೋಲುತ್ತದೆ. ಅಳಿವೆಯಲ್ಲೂ ಅಷ್ಟೇ. ಸಮುದ್ರಕ್ಕೂ ನದಿಗೂ ಓಡಾಡಿಯೇ ಬದುಕುವ ಮೀನು ಎಷ್ಟೋ ಇವೆ.

ಈಗೀಗ ಅಡ್ಡ ಕಟ್ಟದೆ, ನೀರೊಳಗೆ ಗಾಳಿಯಂತ್ರದ ಹಾಗೆ ತಿರುಗುವ ಟರ್ಬೈನ್ ಇಡುತ್ತಾರೆ. ಉತ್ತರ ಐರ್ಲೆಂಡಿನ ಕಡಲ ಕೊಲ್ಲಿ ಸ್ಟ್ರ್ಯಾಂಗ್‌ಫರ್ಡ್ ಲಾಕ್‌ನಲ್ಲಿ 2008ರಲ್ಲಿ ಸೀಜೆನ್ ಅನ್ನುವ ಯಂತ್ರ ಇಳಿಸಿದರು. ಸೀಲ್ ಪ್ರಾಣಿ ಹತ್ತಿರ ಬಂದದ್ದು, ಸದ್ದಿನ ಅಲೆಯಿಂದ ನೀರೊಳಗಿನದನ್ನು ಪತ್ತೆ ಹಚ್ಚುವ ಸೋನಾರ್‌ನಲ್ಲಿ ಕಂಡರೆ ಯಂತ್ರವನ್ನೇ ನಿಲ್ಲಿಸುತ್ತಿದ್ದರು. ವರ್ಷಗಟ್ಟಲೆ ಗಮನ ಇಟ್ಟು ನೋಡಿದರು, ದೊಡ್ಡ ಹಾನಿ ಕಾಣಲಿಲ್ಲ. ನನಗೆ ತುಂಬಾ ಹಿಡಿಸಿದ ಕೆಲಸ ಇದು. ಆದರೆ ಅದು ಒಂದೇ ಯಂತ್ರ. ನೂರು ಯಂತ್ರ ಸಾಲಾಗಿ ನಿಂತು, ಸದ್ದಿಗೆ ಮೀನು ದಾರಿ ಬಿಟ್ಟರೆ ದೋಣಿಯವರು ಬಲೆ ಎಲ್ಲಿ ಬೀಸಬೇಕು?

ನಮ್ಮ ಕರಾವಳಿಗೆ ಇಂಥ ಯೋಜನೆ ಬಂದರೆ, ಯಂತ್ರ ಇಳಿಸುವ ಮೊದಲೇ ಮೀನುಗಾರರ ಜೊತೆ ಕೂತು ಕೇಳಬೇಕು. ಯಾವ ತಿಂಗಳಲ್ಲಿ ಯಾವ ಮೀನು ಅಳಿವೆ ದಾಟುತ್ತದೆ ಅನ್ನುವುದು ಅವರಿಗೆ ಬಾಯಿಪಾಠ.

ನಿಮ್ಮೂರ ಹಳ್ಳದಲ್ಲಿ ಹತ್ತುಮೀನು ಕೊನೆಯ ಸಲ ಕಂಡದ್ದು ಯಾವಾಗ? ಊರಿನ ಹೆಸರು, ವರ್ಷ ಎರಡನ್ನೂ ಬರೆದು ಕಳಿಸಿ.