ಕಾಯಿ ಕಾಕಾ, ಮಷೀನ್ ಸಾಹೇಬ್ರು, ಡೂಡಲ್‌ಬಗ್ಗರ್

ಬೋರ್ ಹಾಕಿಸಬೇಕು ಅಂದ್ರೆ ನಮ್ಮ ವಿಜಯಪುರದ ಕಡೆ ಮೊದಲು ನೀರಿನ ಪಾಯಿಂಟ್ ನೋಡುವವರಿಗೆ ಫೋನ್ ಹೋಗುತ್ತದೆ. ಅವರಲ್ಲೂ ಎರಡು ಥರ. ತೆಂಗಿನಕಾಯಿ ಹಿಡಿದು ಬರುವವರು ‘ಕಾಯಿ ಕಾಕಾ’. ವೈರು, ಬ್ಯಾಟರಿ, ಕಬ್ಬಿಣದ ಗೂಟ ತರುವವರು ‘ಮಷೀನ್ ಸಾಹೇಬ್ರು’. ನಮ್ಮೂರಲ್ಲಿ ಇಟ್ಟ ಹೆಸರುಗಳಿವು. ಮುಖದೆದುರಿಗೆ ಯಾರೂ ಕರೆಯುವುದಿಲ್ಲ ಬಿಡಿ.

ನೆಲದೊಳಗೆ ಹುಡುಕುವವರನ್ನು ಎಲ್ಲಿಯ ಜನರೂ ಸುಮ್ನೆ ಬಿಟ್ಟಿಲ್ಲ. ಅಮೆರಿಕದಲ್ಲಿ ಕಚ್ಚಾ ಎಣ್ಣೆ ಹುಡುಕಲು ಕೆಲವರು ಗುಟ್ಟಿನ ಪೆಟ್ಟಿಗೆ ಹಿಡಿದು ತಿರುಗುತ್ತಿದ್ದರು. ಆ ಪೆಟ್ಟಿಗೆಗೆ ಜನ ‘ಡೂಡಲ್‌ಬಗ್’ ಅಂದರು. 1921ರಲ್ಲಿ ಒಕ್ಲಹೋಮಾದಲ್ಲಿ ನಿಜವಾದ ವಿಜ್ಞಾನದ ಪ್ರಯೋಗವೇ ನಡೆಯಿತು. ನೆಲದಲ್ಲಿ ಮದ್ದು ಸಿಡಿಸುವುದು, ಕೆಳಗಿನ ಬಂಡೆಗೆ ಬಡಿದು ವಾಪಸ್ ಬರುವ ಅಲೆಗಳನ್ನು ಅಳೆಯುವುದು. ಜನರಿಗೆ ಏನು ವ್ಯತ್ಯಾಸ? ಈ ಕೆಲಸದವರನ್ನೂ ‘ಡೂಡಲ್‌ಬಗ್ಗರ್’ ಅಂದೇ ಕರೆದರು. ಅಲೆ ಹಿಡಿಯುವ ಚಿಕ್ಕ ಯಂತ್ರ ‘ಜಗ್’. ಅದನ್ನು ಹೊತ್ತು, ಸಾಲಾಗಿ ನೆಟ್ಟು ಬರುವ ಹುಡುಗರು ‘ಜಗ್ಗಿ’ಗಳು. ದಿನವಿಡೀ ಕೇಬಲ್ ಜಗ್ಗುವುದೇ ಕೆಲಸ, ನಮ್ಮ ಭಾಷೆಗೂ ಹೊಂದುತ್ತದೆ ಅಲ್ವಾ?

ಯಾರೂ ಎಣ್ಣೆ ಕಂಡಿರದ ಜಾಗದಲ್ಲಿ ದುಡ್ಡು ಸುರಿದು ಕೊರೆಸುವವನು ‘ವೈಲ್ಡ್‌ಕ್ಯಾಟರ್’. 1849ರಲ್ಲಿ ಚಿನ್ನಕ್ಕಾಗಿ ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದವರು ‘ಫಾರ್ಟಿ ನೈನರ್’. ಆಸ್ಟ್ರೇಲಿಯಾದಲ್ಲಿ ಚಿನ್ನ ಅಗೆದವರು ‘ಡಿಗ್ಗರ್’.

ಈಗ ಇಲ್ಲಿ ನೋಡಿ, ಕಾಕಾರ ಅಂಗೈ. ಕಾಯಿ ಅಡ್ಡ ಮಲಗಿದೆ, ಜುಟ್ಟು ಬೆರಳಿನ ಕಡೆಗೆ. ಬದುವಿನ ಹತ್ತಿರ ಬಂದರು. ಹೆಜ್ಜೆ ನಿಧಾನ ಆಯಿತು. ಕಾಯಿ ಎದ್ದು ನಿಂತಿತು! “ಇಲ್ಲೇ ಐತಿ ನೋಡೋ ತಮ್ಮಾ, ಸುಣ್ಣ ಹಾಕು.”

ನನಗಂತೂ ನಂಬಿಕೆ ಇಲ್ಲ. ಇಂಥ ವಿದ್ಯೆಯನ್ನು ಪರೀಕ್ಷೆಗೆ ಹಚ್ಚಿದಾಗ ಅದೃಷ್ಟಕ್ಕಿಂತ ಜಾಸ್ತಿ ಏನೂ ಕಂಡಿಲ್ಲ. ನಮ್ಮ ಕಾಲ ಕೆಳಗಿರುವುದು ಬಸಾಲ್ಟ್, ಗಟ್ಟಿ ಕರಿಕಲ್ಲು. ಅದರ ಬಿರುಕುಗಳಲ್ಲಿ, ಸವೆದ ಪದರಗಳಲ್ಲಿ ಮಾತ್ರ ನೀರು ನಿಲ್ಲುತ್ತದೆ. ಹಾಗಂತ ಸಾಹೇಬ್ರ ಮಷೀನಿಗೂ ನೀರು ಕಣ್ಣಿಗೆ ಬೀಳುವುದಿಲ್ಲ. ಅದು ನೆಲಕ್ಕೆ ಕರೆಂಟ್ ಬಿಟ್ಟು, ಎಷ್ಟು ತಡೆ ಇದೆ ಅಂತ ಅಳೆಯುತ್ತದೆ. ತಡೆ ಕಡಿಮೆ ಬಂದರೆ ನೀರಿರಬಹುದು, ಬರೀ ಜೇಡಿಮಣ್ಣೂ ಇರಬಹುದು.

ಎಣ್ಣೆಯವರು ಒಣ ಬಾವಿಗೆ ‘ಡಸ್ಟರ್’ ಅನ್ನುತ್ತಾರೆ. ನಮ್ಮಲ್ಲಿ ರಿಗ್ ಸುತ್ತ ನಿಂತವರು ಹೇಳುವುದೂ ಅದನ್ನೇ: “ಬರೇ ಧೂಳ ಬಂತು.” ಬೋರ್ ಫೇಲಾದರೂ ರಿಗ್ಗಿನವರಿಗೆ ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಲೇಬೇಕು. ಕಾಕಾ ಮಾತ್ರ ತಮ್ಮ ದಕ್ಷಿಣೆ ಮೊದಲೇ ಇಸಿದುಕೊಂಡಿರುತ್ತಾರೆ.