ಮೂರು ದ್ವೀಪ, ಎರಡು ಸೇನೆ, ಒಬ್ಬ ಕಾರ್ಡಿನಲ್

[ಪರದೆ: ದಕ್ಷಿಣ ಅಮೆರಿಕದ ತುತ್ತತುದಿಯ ನಕ್ಷೆ]

ನಮಸ್ಕಾರ. ಈ ನಕ್ಷೆಯ ತುದಿಯಲ್ಲಿ ಮೂರು ಚುಕ್ಕೆಗಳಿವೆ, ನೋಡಿ. ಪಿಕ್ಟನ್, ಲೆನಾಕ್ಸ್, ನುಯೇವಾ. ಈ ಪುಟ್ಟ ದ್ವೀಪಗಳಿಗಾಗಿ 1978ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾ ಮತ್ತು ಚಿಲಿ ಯುದ್ಧಕ್ಕೆ ಸಜ್ಜಾಗಿ ನಿಂತಿದ್ದವು. ಹಿಂದಿನ ವರ್ಷ ನ್ಯಾಯಮಂಡಳಿಯ ತೀರ್ಪು ಚಿಲಿಯ ಪರ ಬಂದಿತ್ತು. ಅರ್ಜೆಂಟೀನಾ ಅದನ್ನು ಒಪ್ಪಲಿಲ್ಲ. ಹಡಗುಗಳು ಹೊರಟಿದ್ದವು. ಎರಡೂ ಕಡೆ ಮಿಲಿಟರಿ ಸರ್ಕಾರ. ಮೊದಲು ಹಿಂದೆ ಸರಿದವರ ಮಾನ ಹೋಯ್ತು ಅಂತಲೇ ಲೆಕ್ಕ.

ಆಗ ಪೋಪ್ ಎರಡನೇ ಜಾನ್ ಪಾಲ್ 73 ವರ್ಷದ ಕಾರ್ಡಿನಲ್ (ಕ್ಯಾಥೊಲಿಕ್ ಚರ್ಚಿನ ಹಿರಿಯ ಧರ್ಮಾಧಿಕಾರಿ) ಆಂಟೋನಿಯೊ ಸಮೊರೆ ಅವರನ್ನು ಕಳಿಸಿದರು. ಅವರು ಬ್ಯೂನಸ್ ಐರಿಸ್‌ಗೂ ಸ್ಯಾಂಟಿಯಾಗೊಗೂ ಓಡಾಡಿದರು. 1979ರ ಜನವರಿ 8ರಂದು ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ ಎರಡೂ ದೇಶಗಳು ಸಹಿ ಹಾಕಿದವು: ಬಲಪ್ರಯೋಗ ಇಲ್ಲ, ಪೋಪ್ ಮಧ್ಯಸ್ಥಿಕೆ ವಹಿಸಲಿ.

ಇದು ಪವಾಡವಲ್ಲ. ಎರಡೂ ಕಡೆ ಕ್ಯಾಥೊಲಿಕರೇ ಜಾಸ್ತಿ. ನೆರೆಯವನಿಗೆ ಬಗ್ಗಿದರೆ ಸೋಲು. ಪೋಪ್ ಮಾತಿಗೆ ಬಗ್ಗಿದರೆ? ಅದು ಗೌರವ! ದೇಶಗಳ ನಡುವೆ ಧರ್ಮ ಕೊಡಬಹುದಾದ ದೊಡ್ಡ ಸಹಾಯ ಇದೇ ಅಂತ ನನಗನಿಸುತ್ತದೆ. ಮಾನ ಉಳಿಸಿಕೊಂಡು ಹಿಂದೆ ಬರಲು ಒಂದು ದಾರಿ.

[ಪರದೆ: ರಿಯಾದ್, ಟೆಹ್ರಾನ್, ಬೀಜಿಂಗ್]

ಧರ್ಮದ ಜಗಳ ಅಂತ ಕರೆಯುವುದೆಲ್ಲ ಧರ್ಮದ್ದೇ ಆಗಿರುವುದಿಲ್ಲ, ಅಲ್ವಾ? 2016ರಲ್ಲಿ ಸುನ್ನಿಗಳೇ ಹೆಚ್ಚಿರುವ ಸೌದಿ ಅರೇಬಿಯಾ ಶಿಯಾ ಧರ್ಮಗುರು ನಿಮ್ರ್ ಅಲ್-ನಿಮ್ರ್ ಅವರನ್ನು ಮರಣದಂಡನೆಗೆ ಗುರಿಮಾಡಿತು. ಶಿಯಾಗಳೇ ಹೆಚ್ಚಿರುವ ಇರಾನ್‌ನ ರಾಜಧಾನಿ ಟೆಹ್ರಾನ್‌ನಲ್ಲಿ ಸೌದಿ ರಾಯಭಾರ ಕಚೇರಿಗೆ ಬೆಂಕಿ ಬಿತ್ತು. ಸಂಬಂಧ ಕಡಿಯಿತು. 2023ರ ಮಾರ್ಚ್‌ನಲ್ಲಿ ಬೀಜಿಂಗ್‌ನಲ್ಲಿ ಕೂತು ಅದನ್ನು ಮತ್ತೆ ಬೆಸೆದರು. ಸುನ್ನಿಗಳು ಸುನ್ನಿಗಳೇ, ಶಿಯಾಗಳು ಶಿಯಾಗಳೇ. ಬದಲಾಗಿದ್ದು ಸರ್ಕಾರಗಳ ಲೆಕ್ಕಾಚಾರ.

[ಪರದೆ: ವ್ಯಾಟಿಕನ್, ಏಪ್ರಿಲ್ 2019]

ಇನ್ನೊಂದು ದೃಶ್ಯ. 82 ವರ್ಷದ ಪೋಪ್ ಫ್ರಾನ್ಸಿಸ್ ಕಷ್ಟಪಟ್ಟು ಬಗ್ಗುತ್ತಾರೆ. ಅಂತರ್ಯುದ್ಧದಲ್ಲಿ ಎದುರಾಳಿಗಳಾಗಿದ್ದ ದಕ್ಷಿಣ ಸುಡಾನ್‌ನ ಅಧ್ಯಕ್ಷ ಸಾಲ್ವಾ ಕೀರ್, ಬಂಡಾಯ ನಾಯಕ ರೀಕ್ ಮಚಾರ್ ಅವರ ಬೂಟುಗಳಿಗೆ ಮುತ್ತಿಡುತ್ತಾರೆ. ನೋಡಿದರೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಮರುವರ್ಷ ಇಬ್ಬರೂ ಸೇರಿ ಸರ್ಕಾರ ಮಾಡಿದರು. 2025ರಲ್ಲಿ ಮಚಾರ್ ಗೃಹಬಂಧನಕ್ಕೊಳಗಾದರು. ಒಂದು ದಿನದ ಮುತ್ತು ಸಾಲಲಿಲ್ಲ.

ಸಮೊರೆ ನಾಲ್ಕು ವರ್ಷ ಪಟ್ಟು ಬಿಡದೆ ಕೂತಿದ್ದರು. 1983ರಲ್ಲಿ ತೀರಿಕೊಂಡರು. ಅದೇ ವರ್ಷ ಅರ್ಜೆಂಟೀನಾದಲ್ಲಿ ಮಿಲಿಟರಿ ಆಡಳಿತ ಮುಗಿಯಿತು, ಅದೂ ದೊಡ್ಡ ಕಾರಣವೇ. 1984ರ ನವೆಂಬರ್ 29ರಂದು ವ್ಯಾಟಿಕನ್‌ನಲ್ಲಿ ಶಾಂತಿ ಒಪ್ಪಂದವಾಯಿತು. ದ್ವೀಪಗಳು ಚಿಲಿಗೆ ಸಿಕ್ಕವು.

[ಪರದೆ: ಆಂಡಿಸ್ ಪರ್ವತದ ರಸ್ತೆ]

ಎರಡೂ ದೇಶಗಳನ್ನು ಕೂಡಿಸುವ ಈ ಬೆಟ್ಟದ ದಾರಿಗೆ ಈಗ ಕಾರ್ಡಿನಲ್ ಸಮೊರೆ ಅವರ ಹೆಸರು. ಜನ ಬಸ್ಸು, ಕಾರುಗಳಲ್ಲಿ ಆಚೆಗೂ ಈಚೆಗೂ ದಾಟುತ್ತಾರೆ.