ಅರೆಕಾ: ನಮ್ಮ ಅಡಿಕೆ ಇಂಗ್ಲಿಷಿಗೆ ಹೋದ ಬಗೆ

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಅಡಿಕೆ ಸೀಮೆಯಾದ ಈ ಬದಿಯಡ್ಕದಲ್ಲಿ ನಿಂತು ಅಡಿಕೆಯ ಬಗ್ಗೆ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಧಾರಣೆ, ಕೊಳೆರೋಗ, ಬೋರ್ಡೋ ಮದ್ದು, ಇದೆಲ್ಲ ನನಗಿಂತ ನಿಮಗೇ ಜಾಸ್ತಿ ಗೊತ್ತು. ಹಾಗಾಗಿ ನಾನು ತೋಟಕ್ಕೆ ಇಳಿಯುವುದಿಲ್ಲ. ಇಂಗ್ಲಿಷಿನ ‘ಅರೆಕಾ’ ಎಂಬ ಪದದ ಸುದ್ದಿ ಮಾತ್ರ ಹೇಳುತ್ತೇನೆ.

1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಯ ಕಡೆಗೆ ಬಂದರಲ್ವಾ? ಮಲಯಾಳದವರ ‘ಅಡಯ್ಕ’ ಅವರ ಬಾಯಲ್ಲಿ ‘ಅರೆಕಾ’ ಆಯಿತು. ನಾಲಗೆ ಮಡಚಿ ಹೇಳುವ ‘ಡ’ ಅವರ ಭಾಷೆಯಲ್ಲಿಲ್ಲ. ಹತ್ತಿರದ ‘ರ’ ಸಿಕ್ಕಿತು, ಅದನ್ನೇ ಹಿಡಿದರು. ಅವರಿಂದ ಇಂಗ್ಲಿಷಿಗೆ ಹೋಯಿತು. ನಮ್ಮ ‘ಅಡಿಕೆ’ಯೂ ‘ಅಡಯ್ಕ’ವೂ ಒಂದೇ ಮನೆಯ ಪದಗಳು. ನಿಘಂಟಿನವರು ಮಲಯಾಳದ ಹೆಸರು ಹೇಳಿದ್ದಾರೆಂದು ಸುಮ್ನೆ ಗಡಿ ಜಗಳ ಬೇಡ. ಹಡಗು ನಿಂತದ್ದು ಅಲ್ಲಿ.

ನಿಜವಾದ ಗೊಂದಲ ‘ಬೀಟಲ್ ನಟ್’ ಎಂಬ ಹೆಸರಿನದು. ಬೀಟಲ್ ಎಂದರೆ ಮಲಯಾಳದ ‘ವೆಟ್ಟಿಲ’, ನಮ್ಮ ವೀಳ್ಯದೆಲೆ. ಅದು ಒಳ್ಳೆಮೆಣಸಿನ ಜಾತಿಯ ಬಳ್ಳಿ. ನಮ್ಮಲ್ಲಿ ಎರಡೂ ಅಡಿಕೆ ಮರಕ್ಕೇ ಹಬ್ಬುತ್ತವೆ, ಆದರೆ ಮರಕ್ಕೂ ಅವಕ್ಕೂ ನೆಂಟಸ್ತಿಕೆ ಇಲ್ಲ. ಎಲೆಯನ್ನೂ ಅಡಿಕೆಯನ್ನೂ ಒಟ್ಟಿಗೆ ಜಗಿಯುವುದನ್ನು ಕಂಡ ಪರದೇಶಿಗಳು ಎಲೆಯ ಹೆಸರನ್ನು ಕಾಯಿಗೂ ಅಂಟಿಸಿಬಿಟ್ಟರು. ಇದು ಸರಿಯಲ್ಲ ಎಂದು ಭಾರತದಿಂದ ಇಂಗ್ಲಿಷಿಗೆ ಹೋದ ಪದಗಳ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟೇ ಹೇಳಿದೆ. ಅದನ್ನು ಬರೆದ ಇಬ್ಬರಲ್ಲಿ ಒಬ್ಬ ಬರ್ನೆಲ್. ಮಂಗಳೂರಿನಲ್ಲಿ ಜಡ್ಜ್ ಆಗಿದ್ದವನು, ತುಳುನಾಡಿನ ಭೂತಾರಾಧನೆಯ ಹಾಡುಗಳಾದ ಪಾಡ್ದನಗಳನ್ನು ಬರೆಸಿಕೊಂಡವನು. ಅವನಿಗೆ ಎಲೆಯಡಿಕೆಯ ವ್ಯತ್ಯಾಸ ಗೊತ್ತಿಲ್ಲದೆ ಇರುತ್ತದೆಯೇ?

ಸಸ್ಯಶಾಸ್ತ್ರದವರ ಕಥೆ ಇನ್ನೂ ಮಜಾ. 1753ರಲ್ಲಿ ಲಿನೇಯಸ್ ಈ ಮರಕ್ಕೆ ಇಟ್ಟ ಹೆಸರು ‘ಅರೆಕಾ ಕ್ಯಾಟೆಚು’. ಕ್ಯಾಟೆಚು ಎಂದರೆ ಎಲೆಯಡಿಕೆಗೆ ಹಾಕುವ ಕಾಚು. ಕಾಚು ಮುಖ್ಯವಾಗಿ ಬರುವುದು ಕಗ್ಗಲಿ ಮರದಿಂದ. ಅಂತೂ ಹೆಸರಿನಲ್ಲೇ ಅಡಿಕೆ ಬಂತು, ಕಾಚು ಬಂತು. ಎಲೆ, ಸುಣ್ಣ ಇಟ್ಟರೆ ಹರಿವಾಣ ತುಂಬಿತು! ತೆಂಗು, ತಾಳೆ, ಬೈನೆ ಸೇರಿದ ಇಡೀ ಕುಟುಂಬದ ಹೆಸರು ‘ಅರೆಕೇಸಿ’. ಕೇರಳದಲ್ಲಿ ತೆಂಗಿಗೆ ಎಷ್ಟೇ ಮರ್ಯಾದೆ ಇರಲಿ, ಶಾಸ್ತ್ರದಲ್ಲಿ ಯಜಮಾನಿಕೆ ಅಡಿಕೆಯದು. ನರ್ಸರಿಯಲ್ಲಿ ಕುಂಡದಲ್ಲಿಟ್ಟು ಮಾರುವ ‘ಅರೆಕಾ ಪಾಮ್’ ಮಾತ್ರ ಅಡಿಕೆಯಲ್ಲ. ಅದು ಮಡಗಾಸ್ಕರಿನ ಬೇರೆಯೇ ಗಿಡ. ಅದರಿಂದ ಕೊನೆ ಕೊಯ್ಯಲು ಕಾಯಬೇಡಿ.

ಪದ ಇನ್ನೂ ಚಿಗುರುತ್ತಲೇ ಇದೆ. ಅಡಿಕೆಯಲ್ಲಿ ಚುರುಕು ಮುಟ್ಟಿಸುವ ಅಂಶ ‘ಅರೆಕೋಲಿನ್’. ಆರೋಗ್ಯದ ವರದಿಗಳಲ್ಲಿ ಈಗ ಕಾಣುವುದು ಈ ಪದವೇ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಬೆಳೆಗಾರರಿಗೆ ಕಹಿಯಾದರೂ ಇದನ್ನು ಬಿಟ್ಟು ಮಾತಾಡುವುದು ಸರಿಯಲ್ಲ.

ಇಂಗ್ಲಿಷಿನಲ್ಲಿ ಅರ್ಜಿ ಬರೆಯುವಾಗ ‘ಬೀಟಲ್ ನಟ್’ ಬಿಟ್ಟು ‘ಅರೆಕಾನಟ್’ ಎಂದೇ ಬರೆಯಿರಿ. ಇಲ್ಲೇ ಕಾಸರಗೋಡಿನ ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಬರೆಯುವುದೂ ಹಾಗೆಯೇ. ಚಾಲಿ, ಪಟೋರ, ಕೋಕ, ಕರಿಗೋಟು ಎಂಬ ಅಡಿಕೆಯ ಬಗೆಗಳಿಗೆ ಇಂಗ್ಲಿಷ್ ಹುಡುಕಲು ಹೋಗಬೇಡಿ, ಹಾಗೆಯೇ ಇರಲಿ. ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.